ಬಾಂಡ್ ಅಂದಪ್ಪನ ಪೆಟ್ಟಿಗೆ

"ಬಗಲಾಗ ಕೈ ಕೊಟ್ಟು ಎತ್ರಿ. ಹಾಂ, ಇನ್ನೊಂದೀಟು. ಈಗ ಕಂಬಕ್ಕ ಆನಸ್ರಿ."

ಅಯ್ಯನವರು ಹೇಳಿದಂತೆ ಮೂವರು ಗಂಡಸರು ಅಂದಪ್ಪನನ್ನು ಎತ್ತಿ ಪಡಸಾಲೆಯ ಹಲಗೆಯ ಮೇಲೆ ಕುಳ್ಳಿರಿಸಿದರು. ಎದೆಗೆ ಬಿಳಿ ಪಂಚೆ ಸುತ್ತಿ ಹಿಂದಿನ ಕಂಬಕ್ಕೆ ಕಟ್ಟಿದರು. ತಲೆ ಎಡಕ್ಕೆ ವಾಲಿತು. ಬೆಟಗೇರಿಯಿಂದ ಜೊತೆಗೆ ಬಂದಿದ್ದ ಹುಲಿಗೇಶ ಗದ್ದದಡಿ ಕೈಯಿಟ್ಟು ನೆಟ್ಟಗೆ ಹಿಡಿದುಕೊಂಡ. ಅಯ್ಯನವರು ರುಮಾಲು ಸುತ್ತಿ, ಹಣೆಗೆ ವಿಭೂತಿ ಎಳೆದು, ಕೊರಳಿಗೆ ಹಾರ ಹಾಕಿದರು. ಆಮೇಲೆ ನೋಡಿದರೆ ಅಂದಪ್ಪ ಯಾರದೋ ಕಾಗದ ಓದಲು ಕನ್ನಡಕಕ್ಕಾಗಿ ಕಾಯುತ್ತ ಕುಳಿತವನಂತೆ ಕಂಡ.

ಎಪ್ಪತ್ತೊಂದು ವರ್ಷದ ಅಂದಪ್ಪ ಬೆಳಗಿನ ಜಾವ ಬೆಟಗೇರಿಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡಿದ್ದ. ಮಣ್ಣು ಮಾತ್ರ ಹುಟ್ಟಿದೂರು ಹರ್ತಿಯಲ್ಲೇ ಆಗಬೇಕೆಂದು ಮೊದಲಿನಿಂದ ಹೇಳಿಕೊಂಡು ಬಂದಿದ್ದರಿಂದ, ಹೆಂಡತಿ ಗದಿಗೆವ್ವ ಮತ್ತು ಒಬ್ಬಳೇ ಮಗಳು ಕಾಂಚನಾ ಏಳು ಗಂಟೆಗೆಲ್ಲ ಮನೆಗೆ ಬೀಗ ಹಾಕಿ ದೇಹವನ್ನು ಗಾಡಿಯಲ್ಲಿ ಇಲ್ಲಿಗೆ ತಂದಿದ್ದರು. ಇದು ಅಂದಪ್ಪನ ಅಕ್ಕ ಫಕ್ಕೀರವ್ವನ ಮನೆ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಆಕೆಗೆ ಈಗ ಎಪ್ಪತ್ತಾರು. ಬಂದವರಿಗೆಲ್ಲ ಎಲ್ಲಿ ಕೂಡಬೇಕು, ಯಾವಾಗ ಅಳಬೇಕು ಎಂದು ಆಕೆಯೇ ಹೇಳುತ್ತಿದ್ದಳು.

ಭಜನೆಯವರು ತಾಳ ತೆಗೆದರು. ಗದಿಗೆವ್ವ ಗಂಡನ ಬಲಗಡೆ ಕುಳಿತಿದ್ದಳು. ಹತ್ತು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡು ಹೊಸ್ತಿಲ ಒಳಗೆ ಬಂದಳು. ಕೈಯಲ್ಲಿ ಸೇವಂತಿಗೆ ಹಾರ. ಅಂದಪ್ಪನ ಪಾದದ ಹತ್ತಿರ ಅದನ್ನಿಟ್ಟು, ಹೆಂಗಸರ ಸಾಲಿನ ಕೊನೆಗೆ ಕುಳಿತಳು. ಮುಂಡರಗಿಯ ಜನ್ನತಬಿ. ಅವಳ ಕಣ್ಣು ಒಮ್ಮೆ ಹೆಣದ ಮುಖಕ್ಕೆ, ಒಮ್ಮೆ ಗೋಡೆಯ ಗಡಿಯಾರಕ್ಕೆ ಹೋಗಿ ಬರುತ್ತಿತ್ತು.

ಗದಿಗೆವ್ವ ಅದನ್ನು ನೋಡಿದಳು. ಹಿಂದಿನ ಸಂಜೆ ಗಂಡ ಅಂಗಿಗೆ ಇಸ್ತ್ರಿ ಹಾಕಿಕೊಂಡು, "ನಾಳೆ ಜನ್ನತಬಿ ಹೊಲದ ತಕರಾರಿನ ತಾರೀಖು ಐತಿ. ಆಖೇರಿ ತಾರೀಖು. ಮುಂಜಾನೆದ್ದು ಮುಂಡರಗಿಗೆ ಹೋಗಬೇಕು" ಎಂದದ್ದು ನೆನಪಾಯಿತು.

ಅವಳು ಕೈಸನ್ನೆ ಮಾಡಿ ಹತ್ತಿರ ಕರೆದಳು.

"ಜನ್ನತಬಿ, ತಾರೀಖು ಇವತ್ತ ಅಲ್ಲೇನು?"

"ನಾ ಅದಕ್ಕ ಬಂದಿಲ್ರಿ ಅಕ್ಕಾರ" ಎಂದಳು ಜನ್ನತಬಿ. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು, "ಅದಕ್ಕೂ ಬಂದೀನಿ. ಹೆಣದ ಮುಂದ ಕುಂತು ಸುಳ್ಳ ಹೇಳಂಗಿಲ್ಲ. ಅಣ್ಣಾರ ಮಾರಿ ನೋಡಬೇಕು ಅಂತ ಬಂದೆ, ಖರೆ. ದಾರಿತುಂಬ ಕಾಗದದ ಚಿಂತಿನ ಮಾಡ್ಕೊಂತ ಬಂದೆ, ಅದೂ ಖರೆ."

"ಎಷ್ಟ ಗಂಟೆಕ್ಕ?"

"ಹನ್ನೆರಡಕ್ಕ. ನನ್ನ ತಮ್ಮ ಅತಾವುಲ್ಲಾ ಕಚೇರಿ ಮುಂದ ನಿಂತಾನ."

*

ಅಂದಪ್ಪ ಮೂವತ್ತೆಂಟು ವರ್ಷ ಮುಂಡರಗಿಯಲ್ಲಿ ಬಾಂಡ್ ರೈಟರ್ ಆಗಿದ್ದ. ನೋಂದಣಿ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ನೀಲಿ ಶಾಯಿಯ ಪ್ಯಾಡು. ಹೊಲ ಕೊಂಡವರು, ಮಾರಿದವರು, ಅಣ್ಣತಮ್ಮಂದಿರಲ್ಲಿ ಪಾಲಾದವರು, ಮಗಳ ಹೆಸರಿಗೆ ಜಾಗ ಬರೆದುಕೊಡುವವರು, ಎಲ್ಲರೂ ಅವನ ಎದುರು ಕುಳಿತು ಹೆಬ್ಬೆರಳು ಚಾಚಿದವರೇ. ಬರೆದ ಪ್ರತಿಯೊಂದನ್ನೂ ಅವನು ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ನೋಂದಣಿ ಮುಗಿದ ಮೇಲೆ, "ಇದರದೊಂದು ಝೆರಾಕ್ಸ್ ನನ್ನ ಹತ್ರ ಇಟ್ಕೊಳ್ಳೇನು?" ಎಂದು ಕೇಳುತ್ತಿದ್ದ. ಬೇಡ ಎಂದವರದನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಬೇಡ ಎಂದವರು ಕಡಿಮೆ. ಅಸಲು ಪತ್ರ ಮಳೆಯಲ್ಲಿ ನೆನೆದು, ಇಲಿ ಕಡಿದು, ಕುಡುಕ ಮಗನ ಕೈಗೆ ಸಿಕ್ಕು ಹಾಳಾದಾಗ ಜನ ಆ ಮೇಜಿನ ಎದುರು ಬಂದು ನಿಲ್ಲುತ್ತಿದ್ದರು.

ಕೆಲಸ ಬಿಟ್ಟ ವರ್ಷ ಅವನ ಮನೆಯ ಅಟ್ಟದ ಮೇಲೆ ಇನ್ನೂರ ಹನ್ನೆರಡು ಮನೆತನಗಳ ಕಾಗದಗಳಿದ್ದವು. ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಿಟ್ಟಿದ್ದ ಹುಲಿಗೇಶನನ್ನು ಕರೆದು, "ಇವನ್ನೆಲ್ಲಾ ಕಂಪ್ಯೂಟರಿನಾಗ ಹಾಕಬೇಕು. ಮಂದಿ ಕಾಗದಾ, ಎಲ್ಲೋ ಪರದೇಶದವರ ಜಾಗಾದಾಗ ಇಡಬಾರ್ದು. ನನ್ನ ಮನ್ಯಾಗ ಇರಬೇಕು" ಎಂದ. ಹುಲಿಗೇಶ ಎರಡು ಡಿಸ್ಕು ಕೂಡುವಂಥ ಒಂದು ಕರಿ ಪೆಟ್ಟಿಗೆ ತಂದುಕೊಟ್ಟ. ರೊಟ್ಟಿ ಡಬ್ಬಿಗಿಂತ ದೊಡ್ಡದೇನಲ್ಲ. ಒಂದರಲ್ಲಿ ಹಾಕಿದ್ದು ಎರಡನೆಯದರಲ್ಲೂ ತಾನೇ ಬರೆದುಕೊಳ್ಳುತ್ತಿತ್ತು. ಒಂದು ಕೆಟ್ಟರೆ ಇನ್ನೊಂದು. ಮೂರು ವರ್ಷ ದಿನಕ್ಕೆ ನಾಲ್ಕು ತಾಸು ಕುಳಿತು ಅಂದಪ್ಪ ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿದ. ಮುಗಿದ ಝೆರಾಕ್ಸುಗಳನ್ನು ಆಯಾ ಮನೆಗಳಿಗೆ ಮರಳಿ ಕೊಟ್ಟುಬಂದ.

ಜನ್ನತಬಿಯದೂ ಹಾಗೇ ಮರಳಿತ್ತು. ಇಪ್ಪತ್ತಾರು ವರ್ಷದ ಹಿಂದೆ ಅವಳ ಮಾವ ಮೂರೆಕರೆ ಎರೆಹೊಲವನ್ನು ಅವಳ ಹೆಸರಿಗೇ ಬಕ್ಷೀಸಾಗಿ ಬರೆದುಕೊಟ್ಟ ಪತ್ರ. ಅಸಲು, ನಕಲು ಎರಡನ್ನೂ ಅವಳು ಒಂದೇ ಟ್ರಂಕಿನಲ್ಲಿಟ್ಟಳು. ಎರಡನ್ನೂ ವರಲಿ ಹುಳು ತಿಂದಿತು. ಗಂಡ ತೀರಿಕೊಂಡ ಮೇಲೆ ಮೈದುನ ಹೊಲ ತನ್ನದೆಂದು ತಹಶೀಲ್ದಾರ ಕಚೇರಿಯಲ್ಲಿ ತಕರಾರು ಹಾಕಿದ. ಪತ್ರದ ನಂಬರು ಅವಳಿಗೆ ನೆನಪಿಲ್ಲ, ವರ್ಷವೂ ಸರಿಯಾಗಿ ಗೊತ್ತಿಲ್ಲ. ಹುಡುಕಿಸಿದರೆ ಸಿಗಲಿಲ್ಲ. ಕಳೆದ ವಾರ ಅಂದಪ್ಪನಿಗೆ ಫೋನು ಮಾಡಿದಾಗ ಅವನು, "ನನ್ನ ಹತ್ರ ಐತವಾ. ತಾರೀಖಿನ ದಿನಾ ನಾನ ಬಂದು, ಕಚೇರಿ ಮುಂದ ನಿನ್ನ ಎದುರಿಗೇ ತಗಸಿ ಕೊಡ್ತೀನಿ. ಬಾಯಿಂದನೂ ಹೇಳ್ತೀನಿ, ಬರದಾಂವ ನಾನ ಅಂತ" ಎಂದಿದ್ದ.

*

ಗದಿಗೆವ್ವ ಮಗಳನ್ನೂ ಹುಲಿಗೇಶನನ್ನೂ ಕರೆದಳು. ಮೂವರೂ ಹೆಣದ ಪಕ್ಕದಲ್ಲೇ ತಲೆಗೆ ತಲೆ ಹಚ್ಚಿ ಮಾತಾಡಿದರು.

"ಪೆಟಿಗಿ ಬೆಟಗೇರ್ಯಾಗ ಐತಿ ಕಾಕಿ" ಎಂದ ಹುಲಿಗೇಶ. "ಇಲ್ಲಿಂದನೂ ತಗೀಬಹುದು, ಹಂಗ ಮಾಡೀವಿ. ಆದ್ರ ಪಾಸ್ವರ್ಡ್ ನಂಗ ಗೊತ್ತಿಲ್ಲ. ಕಾಕಾ ಅದನ್ನ ಹೊಡಿಯೋ ಮುಂದ ನಾನ ಮಾರಿ ಆ ಕಡೆ ತಿರುವತಿದ್ದೆ. ಹಂಗ ಮಾಡಬೇಕು ಅಂತ ನಾನ ಹೇಳಿದ್ದು."

ಕಾಂಚನಾ ಕಣ್ಣು ಮುಚ್ಚಿಕೊಂಡಳು. "ನಾ ಇದನ್ನ ಹೇಳಿದ್ದೆ. ಇದನ್ನ ಹೇಳಿದ್ದೆ ಅಪ್ಪಗ."

"ಕಾಕಾರ ಫೋನು ತಂದೀರೇನು?" ಎಂದು ಹುಲಿಗೇಶ ಕೇಳಿದ. "ಅದರಾಗ ಎಲ್ಲಾ ಕೂತಿರತೈತಿ. ಬಳ್ಳು ಹಚ್ಚಿದ್ರ ತಗೀತೈತಿ." ಹೇಳಿಬಿಟ್ಟ ಮೇಲೆ ಅವನಿಗೇ ನಾಚಿಕೆಯಾಗಿ ದನಿ ಸಣ್ಣದಾಯಿತು. "ಅಂದ್ರ... ಕಾಕಾರ ಹೆಬ್ಬಟ್ಟು. ಒಂದ ಸಲ ಹಚ್ಚಿ ನೋಡಿದ್ರ..."

ಅಂದಪ್ಪನ ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳಿನ ತುದಿಯಲ್ಲಿ ಹಳೆಯ ಶಾಯಿಯ ನೀಲಿ ಚರ್ಮದೊಳಗೆ ಇಳಿದು ಉಳಿದಿತ್ತು. ಗದಿಗೆವ್ವ ಆ ಕೈಯನ್ನು ತನ್ನ ಕೈಯಿಂದ ಮುಚ್ಚಿದಳು.

"ಬ್ಯಾಡಪಾ. ಅವರು ಜನ್ಮಾ ಪೂರಾ ಮಂದಿ ಹೆಬ್ಬಟ್ಟು ಕೇಳಿ ತಗೊಂಡಾರ. ಕೇಳದ ಯಾರದೂ ತಗೊಂಡಿಲ್ಲ. ಅವರದು ನಾವು ಹಂಗ ತಗೊಳ್ಳೋದು ಬ್ಯಾಡ."

"ಮತ್ತ ಹೆಂಗವಾ? ಅಕಿ ಹೊಲಾ ಕೈಬಿಟ್ಟು ಹೊಕ್ಕೈತಿ" ಎಂದಳು ಕಾಂಚನಾ.

"ನಂಗ ಬರತೈತಿ."

"ಏನ್ ಬರತೈತಿ?"

"ಪಾಸ್ವರ್ಡು."

*

ಮೊದಲ ಸಲ ಅಂದಪ್ಪ ತನ್ನ ಪೆಟ್ಟಿಗೆಯನ್ನು ಹೊರಗಿನಿಂದ ತೆರೆಯುವ ವ್ಯವಸ್ಥೆ ಮಾಡಿಕೊಂಡದ್ದು ಹುಲಿಗೇಶನಿಗೆ ಹೇಳದೆ. ಮುಂಡರಗಿಗೋ ಶಿರಹಟ್ಟಿಗೋ ಹೋದಾಗ ಯಾರಾದರೂ ಕಾಗದ ಕೇಳಿದರೆ ಅಲ್ಲೇ ಫೋನಿನಲ್ಲಿ ತೋರಿಸಬೇಕೆಂಬ ಆಸೆ. ಯಾವುದೋ ವಿಡಿಯೋ ನೋಡಿ, ಮನೆಯ ರೂಟರಿನಲ್ಲಿ ಒಂದು ಬಾಗಿಲು ತೆರೆದಿಟ್ಟ. ಪೆಟ್ಟಿಗೆಯ ಜೊತೆ ಬಂದ ಹೆಸರನ್ನು ಹಾಗೇ ಬಿಟ್ಟು, ಪಾಸ್ವರ್ಡಿಗೆ ತನ್ನ ಸ್ಕೂಟರಿನ ನಂಬರು ಹಾಕಿದ. ಐದು ತಿಂಗಳು ಚೆನ್ನಾಗಿ ನಡೆಯಿತು.

ಶ್ರಾವಣದ ಒಂದು ಮುಂಜಾನೆ ತೆರೆದರೆ ಯಾವ ಕಾಗದವೂ ತೆರೆಯಲಿಲ್ಲ. ಎಲ್ಲದರ ಹೆಸರೂ ಬದಲಾಗಿತ್ತು. ಇಂಗ್ಲಿಷಿನಲ್ಲಿ ಒಂದು ಪತ್ರವಿತ್ತು. ಹಣ ಕೊಟ್ಟರೆ ಬಿಡುತ್ತೇವೆ ಎಂದು. ಹುಲಿಗೇಶ ಓಡಿಬಂದು ಮೊದಲು ವೈರು ಕಿತ್ತ. ತಿಂಗಳಿಗೊಮ್ಮೆ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿ ಎದುರು ಮನೆಯ ಬುಡ್ಡೇಸಾಬನ ಮಗ್ಗದ ಕೋಣೆಯಲ್ಲಿಡುವ ಪದ್ಧತಿಯಿತ್ತು. ಅದರಿಂದ ಇಪ್ಪತ್ತು ದಿನದ ಕೆಲಸವೊಂದು ಬಿಟ್ಟು ಉಳಿದದ್ದೆಲ್ಲ ಮರಳಿ ಬಂತು. ಕಳ್ಳರಿಗೆ ಬಿಡಿಗಾಸೂ ಹೋಗಲಿಲ್ಲ.

"ಪಾರಾದ್ರಿ ಕಾಕಾ" ಎಂದ ಹುಲಿಗೇಶ.

"ಕಾಗದಾ ತಿರುಗಿ ಬಂದವು" ಎಂದ ಅಂದಪ್ಪ. "ನೋಡಿದವರ ಕಣ್ಣಾಗಿಂದ ಹೆಂಗ ತಿರುಗಿ ತರೋದು?"

ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ಇನ್ನೂರ ಹನ್ನೆರಡು ಮನೆಗಳ ಪಟ್ಟಿ ಮಾಡಿಕೊಂಡು, ಒಂದು ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತಿದ. ಅಂತೂರ ಬೆಂತೂರ, ಹರ್ತಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ. ಪ್ರತಿ ಮನೆಯ ಕಟ್ಟೆಯ ಮೇಲೆ ಕುಳಿತು, "ನಿಮ್ಮ ಕಾಗದಾ ಯಾರೋ ಪರಸ್ಥರು ನೋಡಿರಬಹುದು. ತಪ್ಪು ನಂದು. ನಾ ಬಾಗಲಾ ಸರಿ ಹಾಕಿರಲಿಲ್ಲ" ಎಂದು ಹೇಳಿದ. ಬಹಳ ಜನಕ್ಕೆ ಅವನು ಏನು ಹೇಳುತ್ತಿದ್ದಾನೆಂದೇ ತಿಳಿಯಲಿಲ್ಲ. ಅಂತೂರ ಬೆಂತೂರಿನಲ್ಲಿ ಒಬ್ಬ ಗೌಡ, "ನಮ್ಮ ಹೊಲದ ಚಕ್ಕಬಂದಿ ನೋಡಿ ಅವಾ ಏನ್ ಬಿತ್ತಾಂವ ಅದಾನೇನು?" ಎಂದು ನಕ್ಕ. ಶಿರಹಟ್ಟಿಯಲ್ಲಿ ಒಬ್ಬ ಹೆಂಗಸು ನಾಲ್ಕು ಜನರ ಎದುರು ಬೈದು, ತನ್ನದೆಲ್ಲ ಅಳಿಸಿಹಾಕಬೇಕೆಂದಳು. ಅಂದಪ್ಪ ಅದೇ ಸಂಜೆ ಅಳಿಸಿ, ಅಳಿಸಿದ್ದೇನೆಂದು ಕಾರ್ಡು ಬರೆದ. ಜನ್ನತಬಿ ಚಹಾ ಮಾಡಿಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡಳು.

"ನೀವು ಹೇಳದಿದ್ರ ನಂಗ ಗೊತ್ತ ಆಗತಿರಲಿಲ್ಲ ಅಣ್ಣಾರ" ಎಂದಳು. "ಇಷ್ಟ ದೂರ ಹೇಳಾಕ ಬಂದ್ರಿ ಅಂದಮ್ಯಾಲೆ, ನಂದು ನಿಮ್ಮ ಹತ್ರನ ಇರ್ಲಿ."

ತಿರುಗಾಟ ಮುಗಿಯಲು ಎರಡು ತಿಂಗಳು ಹಿಡಿಯಿತು. ಕೊನೆಯ ಮನೆ ಮುಗಿಸಿ ಬಂದ ದಿನ ಗದಿಗೆವ್ವ ಮಾಡಿದ ಮೂರು ರೊಟ್ಟಿ ತಿಂದು, ಹುಲಿಗೇಶನಿಗೆ ಫೋನು ಮಾಡಿದ.

"ಈ ಸಲ ನೀ ಕಲಸು. ನಾ ಕಲೀತೀನಿ."

ಒಂದು ಭಾನುವಾರ ಪೂರ್ತಿ ಇಬ್ಬರೂ ಕುಳಿತರು. ರೂಟರಿನ ಬಾಗಿಲು ಮುಚ್ಚಿದರು. "ಬೀದಿಗೆ ಬಾಗಲಾ ತಗೀಬಾರ್ದು ಕಾಕಾ. ನಾವು ಕೈಯಾರೆ ಹೆಸರು ಹಚ್ಚಿದ ಫೋನಿಗೆ ಅಷ್ಟ ಒಳಗ ಬರಾಕ ದಾರಿ ಇರಬೇಕು. ಉಳಿದವರಿಗೆ ಇಲ್ಲೊಂದು ಮನಿ ಐತಿ ಅನ್ನೋದೂ ಕಾಣಬಾರ್ದು" ಎಂದು ಹುಲಿಗೇಶ ವಿವರಿಸಿದ. ಹಳೆಯ ಹೆಸರು ತೆಗೆದರು. ಉದ್ದನೆಯ ಪಾಸ್ವರ್ಡು ಹಾಕಿದರು. ಅದರ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಆರು ಅಂಕಿಯ ಇನ್ನೊಂದು ಕೀಲಿ. ಫೋನು ಬಲ್ಲ ಮನೆಯವರಿಗೆ ತಮ್ಮ ತಮ್ಮ ಕಾಗದ ಮಾತ್ರ ಕಾಣುವಂತೆ ಬೇರೆ ಬೇರೆ ಹೆಸರು. ಐದು ಸಲ ತಪ್ಪು ಹೊಡೆದರೆ ಬಾಗಿಲು ಬಂದ್.

ಮರುದಿನ ಅಂದಪ್ಪ ಗದಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, ಬೇಕೆಂದೇ ಐದು ಸಲ ತಪ್ಪು ಹೊಡೆದು ನೋಡಿದ. ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಕೂಗಿದ: "ಏ ಗದಿಗೆವ್ವಾ, ನನ್ನ ಮನಿ ನನ್ನನ್ನ ಹೊರಗ ಹಾಕ್ತು ನೋಡು!" ಅಷ್ಟು ಖುಷಿಯಲ್ಲಿ ಅವನನ್ನು ಅವಳು ಮಗಳ ಲಗ್ನದಲ್ಲಿಯೂ ನೋಡಿರಲಿಲ್ಲ.

*

ಗದಿಗೆವ್ವ ಸೀರೆ ಸರಿಮಾಡಿಕೊಂಡು ಏಳಲು ಹೋದಾಗ ಫಕ್ಕೀರವ್ವ ಕೈ ಹಿಡಿದಳು.

"ಎಲ್ಲಿಗೆ?"

"ಹಿತ್ತಲಕ್ಕ ಅಕ್ಕಾರ. ಫೋನ್ ಹಚ್ಚಬೇಕು. ಇಲ್ಲಿ ರೇಂಜ್ ಸಿಗಂಗಿಲ್ಲ."

"ಗಂಡನ ಹೆಣಾ ಕುಂದರ್ಸಿಕೊಂಡು ಫೋನ್ ಹಚ್ಚತಿ? ಎದ್ದ ಹೋದ್ರ ಮಂದಿ ಏನಂದಾರು? ಅಯ್ಯಾರು ಇಲ್ಲೇ ಅದಾರ."

ಭಜನೆಯ ತಾಳ ಒಮ್ಮೆ ತಪ್ಪಿ ಮತ್ತೆ ಕೂಡಿಕೊಂಡಿತು. ಸುತ್ತಲಿನ ಹೆಂಗಸರು ತಿರುಗಿ ನೋಡಿದರು. ಜನ್ನತಬಿ ನೆಲ ನೋಡುತ್ತ, "ಬಿಡ್ರಿ ಅಕ್ಕಾರ. ನನ್ನ ಹಣೇಬರ. ನೀವು ಕುಂಡ್ರಿ" ಎಂದಳು.

"ಅಕ್ಕಾರ" ಎಂದಳು ಗದಿಗೆವ್ವ, ಮೆಲ್ಲಗೆ. "ಅವರು ಇವತ್ತ ಮುಂಜಾನೆದ್ದು ಈಕಿ ಕೆಲಸಕ್ಕ ಹೊಂಟಿದ್ರು. ಅಂಗಿ ಇಸ್ತ್ರಿ ಮಾಡಿ ಇಟ್ಕೊಂಡಿದ್ರು. ಅದೊಂದು ಕೆಲಸಾ ಆಗದ ಅವರನ್ನ ಮಣ್ಣಿಗೆ ಕಳಸ್ಲೇನು?"

ಫಕ್ಕೀರವ್ವ ತಮ್ಮನ ಮುಖ ನೋಡಿದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಬಂದು, ಗದಿಗೆವ್ವನ ಜಾಗದಲ್ಲಿ ತಾನು ಕುಳಿತು, ತಮ್ಮನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಹೋಗು. ಇವನ ಹತ್ರ ನಾ ಇರ್ತೀನಿ. ಜಲ್ದಿ ಬಾ."

ಹಿತ್ತಲಲ್ಲಿ ನುಗ್ಗೆ ಗಿಡದ ಕೆಳಗೆ ಒಂದು ಒಗೆಯುವ ಕಲ್ಲಿತ್ತು. ಗದಿಗೆವ್ವ ಅದರ ಮೇಲೆ ಕುಳಿತು ಸೊಂಟದ ಚೀಲದಿಂದ ಫೋನು ತೆಗೆದಳು. ಕನ್ನಡಕ ಹಾಕಿಕೊಂಡಳು. ಹುಲಿಗೇಶ ರೂಢಿಯಂತೆ ಮುಖ ತಿರುಗಿಸಿ ನಿಂತ. ಕಾಂಚನಾ ಮಾತ್ರ ಅವ್ವನ ಬೆರಳನ್ನೇ ನೋಡಿದಳು. ನಾಲ್ಕನೇ ಇಯತ್ತೆ ಓದಿದ ಅವ್ವ, ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಬರೆಯಲಾರದ ಅವ್ವ.

ಗದಿಗೆವ್ವ ಒಂದು ಗುಂಡಿ ಒತ್ತಿ ಕಾದಳು. ಮತ್ತೆ ಒತ್ತಿದಳು.

"ಮನಿ ಸಿಗವಲ್ದು ಹುಲಿಗೇಶ."

ಅವನು ತಿರುಗಿ ನೋಡಿದ. "ಪೆಟಿಗಿ ಬಂದ್ ಐತಿ. ಕರೆಂಟ್ ಹೋಗೇತೇನು? ಬ್ಯಾಟರಿ ಇತ್ತಲ್ಲ, ಒಂದು ತಾಸರ ಬರಬೇಕು."

ಕಾಂಚನಾಳ ಕೈ ಎದೆಗೆ ಹೋಯಿತು. "ಅಯ್ಯ... ಬೀಗಾ ಹಾಕೋ ಮುಂದ ಮೇನ್ ಸ್ವಿಚ್ ನಾನ ಆರಿಸಿ ಬಂದೀನಿ. ಏಳಕ್ಕ. ಅದು ಎಂದೋ ಖಾಲಿ ಆಗೇತಿ."

ಹತ್ತೂಮುಕ್ಕಾಲು ಆಗಿತ್ತು. ಗದಿಗೆವ್ವ ಬುಡ್ಡೇಸಾಬನಿಗೆ ಫೋನು ಹಚ್ಚಿದಳು. ಮನೆಯ ಇನ್ನೊಂದು ಕೀಲಿ ಯಾವಾಗಲೂ ಅವನ ಹತ್ತಿರವೇ. ಬುಡ್ಡೇಸಾಬ ಮಣ್ಣಿಗೆ ಬರಬೇಕೆಂದು ಗದಗ ಬಸ್ ಸ್ಟ್ಯಾಂಡಿನಲ್ಲಿ ಹರ್ತಿ ಬಸ್ಸಿನೊಳಗೆ ಕುಳಿತಾಗಿತ್ತು.

"ಬಸ್ ಬಿಡಾಕತ್ತೈತಿ ಭಾಬಿ, ಏನ್ ಹೇಳ್ರಿ."

"ಇಳೀರಿ. ಮನಿಗೆ ಹೋಗಿ ಮೇನ್ ಹಾಕ್ರಿ. ಪೆಟಿಗಿ ಮುಟ್ಟೋದು ಬ್ಯಾಡ, ಅದು ತಾನ ಏಳತೈತಿ. ನಿಮಗ ಮಣ್ಣು ತಪ್ಪಿದ್ರ ಸಿಟ್ಟಾಗಬ್ಯಾಡ್ರಿ."

"ಅಂದಪ್ಪನ ಕೆಲಸಾ ಅಲ್ಲೇನ್ರಿ? ಇಳದೆ ನೋಡ್ರಿ." ಕಂಡಕ್ಟರನ ಬೈಗುಳ, ಆಟೋದ ಸದ್ದು ಕೇಳಿಸಿತು. ಫೋನು ಕಟ್ಟಾಯಿತು.

ಕಾಯುತ್ತ ಕುಳಿತಾಗ ಕಾಂಚನಾ ಕೇಳಿದಳು: "ನಿನಗ ಯಾವಾಗ ಕಲಸಿದ್ನವಾ?"

"ನೀ ಯುಗಾದಿಗೆ ಬಂದು ಜಗಳಾ ಮಾಡಿದೆಲ್ಲ, ಅದರ ಮರುದಿನದಿಂದ."

ಲಕ್ಷ್ಮೇಶ್ವರದ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಕಾಂಚನಾಳಿಗೆ ಆ ಜಗಳ ಚೆನ್ನಾಗಿ ನೆನಪಿತ್ತು. 'ನಿಮಗೇನರ ಆದ್ರ ಇನ್ನೂರು ಮನಿ ಮಂದಿ ನಮ್ಮ ಬಾಗಲಕ್ಕ ಬರ್ತಾರ. ಕೀಲಿ ನಿಮ್ಮ ತಲ್ಯಾಗ. ನಾ ಅವರಿಗೆ ಏನ್ ಹೇಳ್ಲಿ ಅಪ್ಪಾ?' ಎಂದು ಕೂಗಾಡಿದ್ದಳು. ಅವನು ತುಪ್ಪ ಹಾಕಿಕೊಂಡು ಊಟ ಮುಂದುವರಿಸಿದ್ದ. ಹೋಳಿಗೆಯ ತಾಟನ್ನು ಅರ್ಧಕ್ಕೆ ಬಿಟ್ಟು ಅವಳು ಲಕ್ಷ್ಮೇಶ್ವರದ ಬಸ್ಸು ಹತ್ತಿದ್ದಳು. ಅವನು ಮೊಂಡ ಎಂದುಕೊಂಡಿದ್ದಳು.

"ಮೊದಲ ನಾ ಒಲ್ಲೆ ಅಂದೆ" ಎಂದಳು ಗದಿಗೆವ್ವ. "ನಂಗ ಇಂಗ್ಲೀಷ ಎಲ್ಲಿ ಬರತೈತಿ? ಅವರಂದ್ರು, ಓದಬ್ಯಾಡ, ಬೆರಳಿಗೆ ಕಲಸು ಅಂತ. ರಂಗೋಲಿ ಚುಕ್ಕಿ ಎಣಸ್ತೀಯಲ್ಲ, ಹಂಗ. ಇಪ್ಪತ್ನಾಕು ಅಕ್ಷರ. ದಿನಾ ಸಂಜಿಮುಂದ ಹತ್ತ ಸಲ ಹೊಡಸ್ತಿದ್ರು. ಒಂದ ತಿಂಗಳಾತು. ಆಮ್ಯಾಲೆ ಆ ಆರು ಅಂಕಿದೂ ನನ್ನ ಫೋನಿಗೆ ಬರೋಹಂಗ ಮಾಡಿದ್ರು."

"ನಂಗ ಹೇಳಲಿಲ್ಲಲ್ಲ."

"ನಿನಗ ಹೇಳಿದ್ರ ನಿನ್ನ ಸಿಟ್ಟಿಗೆ ಮಾಡಿದಂಗ ಆಗತೈತಿ ಅಂತ ಹೇಳಲಿಲ್ಲ. ನಿಮ್ಮಪ್ಪಗ ಮಗಳ ಮಾತು ಕೇಳಿದೆ ಅಂತ ಒಪ್ಕೊಳ್ಳಾಕ ಆಗತಿರಲಿಲ್ಲ. ಆದ್ರ ಕೇಳ್ತಿದ್ರು."

ಕಾಂಚನಾ ಅವ್ವನ ಭುಜಕ್ಕೆ ಹಣೆಯಿಟ್ಟಳು. ಬೆಳಗಿನಿಂದ ಹತ್ತು ಜನರ ನಡುವೆ ಬಾರದಿದ್ದ ಅಳು ಈಗ ಬಂತು. ದುಃಖದ ಜೊತೆಗೆ ಬೇರೇನೋ ಸಡಿಲಾದಂತಿತ್ತು. ಗದಿಗೆವ್ವ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಅವಳ ಬೆನ್ನು ನೇವರಿಸಿದಳು.

ಹನ್ನೊಂದೂ ಹತ್ತಕ್ಕೆ ಬುಡ್ಡೇಸಾಬ ಮೇನ್ ಹಾಕಿದ. ಪೆಟ್ಟಿಗೆ ಎದ್ದೇಳಲು ಐದಾರು ನಿಮಿಷ ಬೇಕು. ಮೊದಲ ಸಲ ಸಿಗಲಿಲ್ಲ. ಎರಡನೇ ಸಲವೂ ಸಿಗಲಿಲ್ಲ. ಮೂರನೇ ಸಲ ಗದಿಗೆವ್ವ ಗುಂಡಿ ಒತ್ತಿದಾಗ ತೆರೆ ಬಿಳಿಯಾಗಿ, ಅಕ್ಷರ ತುಂಬುವ ಎರಡು ಖಾಲಿ ಚೌಕಗಳು ಕಂಡವು.

"ಬಂತು" ಎಂದಳು.

ಅವಳ ಬೆರಳು ಒಂದೊಂದೇ ಅಕ್ಷರದ ಮೇಲೆ ನಡೆಯಿತು. ನಡುವೆ ಒಮ್ಮೆ ನಿಂತಿತು. ತುಟಿಯಲ್ಲಿ ಏನೋ ಎಣಿಸಿಕೊಂಡು ಮುಂದುವರಿಯಿತು. ಆಮೇಲೆ ಆರು ಅಂಕಿ. ಪುಟ ತೆರೆಯಿತು. ಊರ ಹೆಸರು, ಮನೆತನದ ಹೆಸರು, ಎಲ್ಲವೂ ಕನ್ನಡದಲ್ಲಿ ಅಂದಪ್ಪ ಬರೆದಿಟ್ಟಂತೆ. ಮುಂಡರಗಿ. ಜನ್ನತಬಿ. ಒಂದೇ ಒಂದು ಕಾಗದ. ಕೊನೆಯ ಪುಟದಲ್ಲಿ ಮಾವನ ನೀಲಿ ಹೆಬ್ಬಟ್ಟು, ಅದರ ಕೆಳಗೆ 'ಓದಿ ಹೇಳಿದವರು' ಎಂದು ಅಂದಪ್ಪನ ಸಹಿ.

"ಈಗ ನಾ ಕಳಸ್ಲೇನ್ರಿ ಕಾಕಿ?" ಎಂದ ಹುಲಿಗೇಶ.

"ನಾನ ಕಳಸ್ತೀನಿ. ಸಂಜೀಮಟಾ ಅಷ್ಟ ತಗಿಯೋಹಂಗ ಕಳಿಸಬೇಕು, ಆಮ್ಯಾಲೆ ಮುಚ್ಕೋಬೇಕು. ಅದರ ಗುಟ್ಟಿನ ಮಾತು ಅದರ ಜೋಡಿ ಬರೀಬಾರ್ದು, ಬಾಯಿಲೆ ಹೇಳಬೇಕು. ಜನ್ನತಬೀನ್ನ ಕರಿ."

ಜನ್ನತಬಿ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಗದಿಗೆವ್ವ ಅವಳಿಂದ ಅತಾವುಲ್ಲಾನ ನಂಬರು ಕೇಳಿಕೊಂಡು ಕಾಗದ ಕಳಿಸಿ, ಅದನ್ನು ತೆರೆಯುವ ಗುಟ್ಟಿನ ಮಾತನ್ನು ಅವಳ ಕಿವಿಯಲ್ಲಿ ಹೇಳಿದಳು. ಜನ್ನತಬಿ ತನ್ನ ಗುಂಡಿಯ ಫೋನಿನಲ್ಲಿ ತಮ್ಮನಿಗೆ ಅದನ್ನೇ ಹೇಳಿದಳು. ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯ ಗದ್ದಲ ಆಚೆಯಿಂದ ಕೇಳಿಸಿತು. ಆಮೇಲೆ ಅತಾವುಲ್ಲಾನ ದನಿ: "ಬಂತಕ್ಕಾ! ನಿನ್ನ ಮಾವನ ಹೆಬ್ಬಟ್ಟು ಐತಿ, ನಂಬರು ಐತಿ, ತಾರೀಖು ಐತಿ. ಇಡು ಫೋನು, ನಾ ಓಡ್ತೀನಿ."

ಗದಿಗೆವ್ವ ಎದ್ದು ಮುಖ ತೊಳೆದುಕೊಂಡು ಪಡಸಾಲೆಗೆ ಹೋದಳು.

"ಆತೇನು?" ಎಂದಳು ಫಕ್ಕೀರವ್ವ.

"ಆತ್ರಿ."

"ನೀ ಇವನ ಕೆಲಸಕ್ಕ ಎದ್ದ ಹೋದೆ ಅಂತ ನಾ ಇವಗ ಹೇಳ್ದೆ" ಎಂದು ಫಕ್ಕೀರವ್ವ ಪಕ್ಕಕ್ಕೆ ಸರಿದಳು.

*

ಒಂದು ಗಂಟೆಗೆ ಹೆಣ ಹೊರುವ ವಿಮಾನ ಕಟ್ಟಿ ಮುಗಿಸಿ, ಅಂದಪ್ಪನನ್ನು ಅದರಲ್ಲಿ ಕುಳ್ಳಿರಿಸಿ ಹೊರಗೆ ತರುವಾಗ ಜನ್ನತಬಿಯ ಫೋನು ರಿಂಗಾಯಿತು. ಅವಳು ಗುಂಪಿನಿಂದ ಸರಿದು ಗೋಡೆಗೆ ಮುಖ ಮಾಡಿ ಮಾತಾಡಿದಳು. ಆಮೇಲೆ ಗದಿಗೆವ್ವನ ಹತ್ತಿರ ಬಂದು ಕೈ ಹಿಡಿದಳು.

"ನಂಬರು ಹಚ್ಚಿ ಪುಸ್ತಕಾ ತಗಸಿ ನೋಡಿದ್ರಂತ. ಪುಸ್ತಕದಾಗೂ ಹಂಗ ಐತಂತ. ತಕರಾರ ತಗದ ಹಾಕ್ತೀವಿ, ಸೋಮವಾರ ಹುಕುಂ ಒಯ್ಯಾಕ ಬರ್ರಿ ಅಂದಾರ."

"ಚಲೋ ಆತು" ಎಂದಳು ಗದಿಗೆವ್ವ. ಆಮೇಲೆ ವಿಮಾನದ ಹತ್ತಿರ ಹೋಗಿ, ಹಾರ ಸರಿಮಾಡುವವಳಂತೆ ಬಾಗಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಹೊರುವವರು ಅವಳು ಮುಗಿಸುವವರೆಗೆ ತಡೆದರು.

ಹೊಲದ ಬದುವಿನಲ್ಲಿ ಕುಣಿ ತೆಗೆದಿದ್ದರು. ಅಯ್ಯನವರು ಮಂತ್ರ ಹೇಳಿ ವಿಭೂತಿಗಟ್ಟಿ ಇಟ್ಟರು, ಪತ್ರಿ ಏರಿಸಿದರು. ಮಣ್ಣು ಕೊಡುವ ಹೊತ್ತಿಗೆ ದಾರಿಯ ಕಡೆಯಿಂದ ಯಾರೋ, "ತಡೀರಿ, ತಡೀರಿ!" ಎಂದರು. ಬುಡ್ಡೇಸಾಬ ಯಾರದೋ ಮೋಟಾರ್ ಸೈಕಲ್ಲಿನಿಂದ ಇಳಿದು, ಏದುಸಿರು ಬಿಡುತ್ತ ಬದುವಿನ ಮೇಲೆ ಬರುತ್ತಿದ್ದ. ಜನ ದಾರಿ ಬಿಟ್ಟರು. ಅವನು ಚಪ್ಪಲಿ ಕಳೆದು, ಮೂರು ಬೊಗಸೆ ಮಣ್ಣು ಕೊಟ್ಟು, ಕೈ ಒರೆಸಿಕೊಳ್ಳದೆ ನಿಂತ.

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿದರು. ಪಡಸಾಲೆಯನ್ನು ತೊಳೆದಾಗಿತ್ತು. ಫಕ್ಕೀರವ್ವ ಒಲೆಯ ಮೇಲೆ ಅನ್ನಕ್ಕಿಡಿಸಿದ್ದಳು. ಕಾಂಚನಾ ನೀರಿನ ತಂಬಿಗೆ ಹಿಡಿದು ಅವ್ವನನ್ನು ಹುಡುಕುತ್ತ ಹೊರಗಿನ ಕಟ್ಟೆಗೆ ಬಂದಳು.

ಮೂರು ರಾತ್ರಿ ಕಣ್ಣು ಮುಚ್ಚದಿದ್ದ ಜನ್ನತಬಿ, ಐದು ಗಂಟೆಯ ಬಸ್ಸಿಗೆಂದು ಕಾಯುತ್ತ ಕುಳಿತವಳು, ಕಟ್ಟೆಯ ಮೇಲೆ ಹಾಗೇ ಒರಗಿ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಮಣ್ಣಿಗೆ ಬಂದ ಮನೆಯಲ್ಲಿ ಹೀಗೆ ನಿದ್ದೆ ಮಾಡಬಾರದೆಂದು ಎಬ್ಬಿಸಲು ಒಬ್ಬ ಮುದುಕಿ ಕೈ ಚಾಚಿದಳು. ಗದಿಗೆವ್ವ ತಲೆಯಾಡಿಸಿದಳು. ಒಳಗಿನಿಂದ ಒಂದು ಕೌದಿ ತಂದು ನಾಲ್ಕು ಮಡಿಕೆ ಮಾಡಿ, ಜನ್ನತಬಿಯ ತಲೆಯನ್ನು ಮೆಲ್ಲಗೆ ಎತ್ತಿ ಅದರ ಮೇಲಿಟ್ಟಳು. ಪಡುವಣದ ಬಿಸಿಲು ಕಟ್ಟೆಯ ಮೇಲೆ ಏರಿ ಅವಳ ಮುಖದ ಹತ್ತಿರ ಬರುತ್ತಿತ್ತು. ಗದಿಗೆವ್ವ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಳು, ತನ್ನ ನೆರಳು ಆ ಮುಖದ ಮೇಲೆ ಬೀಳುವ ಹಾಗೆ.